ಮಾತು ಬಿಟ್ಟ ಜೋಡಿ

ಅಣ್ಣಿಗೇರಿಯ ಬ್ರಿಜ್ ಸಂಘದಲ್ಲಿ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಒಬ್ಬ ಕಾರ್ಯದರ್ಶಿ ಮತ್ತು ಒಬ್ಬ ಖಜಾಂಚಿ ಇದ್ದರು. ಸದಸ್ಯರು ಮಾತ್ರ ಇರಲಿಲ್ಲ. ಬ್ರಿಜ್ ಆಟಕ್ಕೆ ಬೇಕಾದದ್ದು ನಾಲ್ಕು ಜನ. ಆ ನಾಲ್ವರಿಗೂ ಹುದ್ದೆ ಹಂಚಿದ ಮೇಲೆ ಸದಸ್ಯರಾಗಲು ಊರಲ್ಲಿ ಯಾರೂ ಉಳಿದಿರಲಿಲ್ಲ. ಉಳಿದವರೆಲ್ಲ ಒಂದೋ ಅಂದರ್-ಬಾಹರ್ ಆಡುವವರು, ಇಲ್ಲವೇ ಇಸ್ಪೀಟು ಎಂದರೆ ಮುಖ ತಿರುವುವವರು.

ಉಪಾಧ್ಯಕ್ಷ ಹೊಳೆಪ್ಪ. ರೈಲ್ವೆಯಲ್ಲಿ ಗುಮಾಸ್ತನಾಗಿದ್ದು, ಹತ್ತಿ, ಕಡಲೆ, ಮೆಣಸಿನಕಾಯಿ ಮೂಟೆಗಳನ್ನು ಎಣಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಗ ನೌಕರರ ಕ್ಲಬ್ಬಿನಲ್ಲಿ ಬ್ರಿಜ್ ಕಲಿತ. ಅವನಿಗೆ ಸಿಕ್ಕ ಬಡ್ತಿ ಅದೊಂದೇ ಎಂದು ಹೆಂಡತಿ ಸಾವಿತ್ರೆವ್ವ ಈಗಲೂ ಹೇಳುತ್ತಾಳೆ. ಅಣ್ಣಿಗೇರಿಗೆ ವರ್ಗವಾಗಿ ಬಂದಾಗ ಜೊತೆ ಸಿಗದೆ, ನಾಲ್ಕು ಪಾಲನ್ನೂ ತಾನೇ ಹಂಚಿಕೊಂಡು, ತನ್ನ ವಿರುದ್ಧ ತಾನೇ ಆಡಿ, ತಾನೇ ಸೋತು, ಸಿಟ್ಟಿಗೆ ಊಟ ಬಿಟ್ಟು ಕೂತದ್ದೂ ಉಂಟು. ಆಮೇಲೆ ಸ್ಟೇಶನ್ ರಸ್ತೆಯ ಟೇಲರ್, ಈಗಿನ ಖಜಾಂಚಿ, ಮಲಿಕಸಾಬ ಸಿಕ್ಕ. ಸಮವಸ್ತ್ರಕ್ಕೆ ಅಳತೆ ತೆಗೆಯುತ್ತಿದ್ದವನಿಗೆ ಹೊಳೆಪ್ಪ, ಎರಡೂ ಕೈ ಎತ್ತಿಕೊಂಡು ನಿಂತಲ್ಲೇ, ಆಟ ಹೇಳಿಕೊಟ್ಟ. ತೋಳಿನ ಅಳತೆ ಮುಗಿಯುವಷ್ಟರಲ್ಲಿ ಸವಾಲು ಕೂಗುವುದು, ಸೊಂಟದ ಅಳತೆಯ ಹೊತ್ತಿಗೆ ಹುಕುಂ. ಆ ಸಮವಸ್ತ್ರ ತೋಳು ಗಿಡ್ಡವಾಗಿ ಬಂತು. ಗೆಳೆತನ ಮಾತ್ರ ಅಳತೆಗೆ ಸರಿಯಾಗಿ ಕೂತಿತು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾಲ್ವರಲ್ಲಿ ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಎಲೆಗಳಲ್ಲಿ ಇಸ್ಪೀಟ, ಆಠೀನ, ಡೈಮನ್, ಕಳಾವರ ಎಂದು ನಾಲ್ಕು ಜಾತಿ. ಎಲೆ ಹಂಚಿದ ಮೇಲೆ ಪೇಟೆಯ ಲಿಲಾವು-ಹರಾಜಿನಂತೆ ಸವಾಲು ಕೂಗುತ್ತಾರೆ. ತನ್ನ ಕೈಯಲ್ಲಿ ಏನಿದೆ ಎಂಬುದನ್ನು ಜೋಡಿಗಾರನಿಗೆ ಆ ಸವಾಲಿನಲ್ಲೇ ತಿಳಿಸಬೇಕು. ಬೇರೆ ಮಾತು, ಕಣ್ಸನ್ನೆ, ಕೆಮ್ಮು ಯಾವುದೂ ಕೂಡದು. ಸವಾಲು ಗೆದ್ದವನು ಹೇಳಿದ ಜಾತಿಯೇ ಹುಕುಂ, ಉಳಿದ ಜಾತಿಗಳನ್ನು ಹೊಡೆಯುವ ಎಲೆ; ಆಡುವವನೂ ಅವನೇ. ಅವನ ಜೋಡಿಗಾರ ತನ್ನ ಹದಿಮೂರೂ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಬಾಯಿ ಮುಚ್ಚಿಕೊಂಡು ಕೂಡುತ್ತಾನೆ. ಅವನಿಗೆ ಡಮ್ಮಿ ಎನ್ನುತ್ತಾರೆ. ಇದ್ದದ್ದನ್ನೆಲ್ಲ ಬಿಚ್ಚಿಟ್ಟು ಸುಮ್ಮನೆ ಕೂಡುವುದು ಊರಿನ ಗಂಡಸರಿಗೆ ಹೊಸ ವಿದ್ಯೆಯಾಗಿತ್ತು. ಹೆಂಗಸರಿಗೆ ಅದರಲ್ಲಿ ಕಲಿಯುವಂಥದ್ದೇನೂ ಇರಲಿಲ್ಲ.

ಸಂಘದ ಕಚೇರಿ ಅಧ್ಯಕ್ಷ ಸಂಗನಬಸವನ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಮೊದಲು ಗೊಬ್ಬರದ ಘಾಟು, ಆಮೇಲೆ ಸಂಘದ ಬೋರ್ಡು. ಶುರುವಿನಲ್ಲಿ ಯಾರೋ ಚಾಡಿ ಹೇಳಿ ಪೊಲೀಸನೊಬ್ಬ ಬಂದಿದ್ದ. ಮೇಜಿನ ಮೇಲೆ ರೊಕ್ಕ ಕಾಣಲಿಲ್ಲ. ಈಗ ತೆಗೆದಾರು, ಇನ್ನೇನು ತೆಗೆದಾರು ಎಂದು ಮೂಲೆಯಲ್ಲಿ ಕೂತು ಕಾದ. ಚಹಾ ಕುಡಿದ. ಮತ್ತೊಂದು ಚಹಾ ಕುಡಿದ. ಕಡೆಗೆ ಹಣೆ ಒತ್ತಿಕೊಳ್ಳುತ್ತ ಎದ್ದ.

"ರೊಕ್ಕ ಇಲ್ದನ ಇಷ್ಟು ತಲಿ ಕೆಡಿಸ್ಕೋತೀರೇನ್ರಿ?" ಎಂದು ಕೇಳಿದವನು ಉತ್ತರಕ್ಕೂ ನಿಲ್ಲದೆ ಇಳಿದುಹೋದ. ಆಮೇಲೆ ಸಂಘದ ಕಡೆ ಕಾನೂನು ತಲೆ ಹಾಕಲಿಲ್ಲ.

ಕಾರ್ಯದರ್ಶಿ ಪ್ರಭು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ದಿನದ ಆಟ ಮುಗಿದ ಕೂಡಲೇ ಊರಿನ ವಾಟ್ಸಾಪ್ ಗುಂಪಿಗೆ 'ಸಂಘದ ಸುದ್ದಿ' ಹಾಕುವುದು ಅವನ ವ್ರತ. ಕಡಲೆ ದರ, ನಳದ ನೀರಿನ ಸೂಚನೆ, ಕಳೆದುಹೋದ ಎಮ್ಮೆಯ ಫೋಟೊ, ಇವುಗಳ ನಡುವೆ ಅದು ಬಂದು ಬೀಳುತ್ತಿತ್ತು: "ಇಂದಿನ ಆಟದಲ್ಲಿ ಅಧ್ಯಕ್ಷರಾದ ಶ್ರೀ ಸಂಗನಬಸವ ಅವರು ನಾಲ್ಕು ಇಸ್ಪೀಟ ಕೂಗಿ ದಿಟ್ಟತನ ಮೆರೆದರು. ಆಟ ಬಿದ್ದಿತು. ಚುರುಮರಿ ಮತ್ತು ಮಿರ್ಚಿಯ ಪ್ರಾಯೋಜಕರು: ಅಧ್ಯಕ್ಷರೇ." ಕೆಳಗೆ ಯಾರಾದರೊಬ್ಬರು, "ಸರ, ಎಮ್ಮಿ ಸಿಕ್ತೇನ್ರಿ?" ಎಂದು ಕೇಳುತ್ತಿದ್ದರು.

ಹೀಗೆ ಸುಖವಾಗಿ ಸೋಲುತ್ತ ಗೆಲ್ಲುತ್ತ ನಡೆದಿದ್ದ ಸಂಘದಲ್ಲಿ ಈ ವರ್ಷ ಕಡಲೆ ರಾಶಿಯ ಹೊತ್ತಿಗೆ ಜಗಳವಾಯಿತು. ಹುಬ್ಬಳ್ಳಿಯ ದೊಡ್ಡ ಕ್ಲಬ್ಬಿನಿಂದ ಇಬ್ಬರು ಬಂದಿದ್ದರು. ತಮ್ಮ ವರ್ಷದ ಪಂದ್ಯಕ್ಕೆ ಅಣ್ಣಿಗೇರಿಯವರನ್ನು ಕರೆಯಬಹುದೋ ಹೇಗೆಂದು ನೋಡಲು ಬಂದವರು. ಅವರೆದುರಿಗೇ ಮಲಿಕಸಾಬ ಡೈಮನ್ ಹಾಕಬೇಕಾದಲ್ಲಿ ಆಠೀನ ಹಾಕಿದ. ಎರಡೂ ಕೆಂಪು. ಡೈಮನ್ ಕೈಯಲ್ಲಿಟ್ಟುಕೊಂಡು ಬೇರೆ ಜಾತಿ ಹಾಕುವುದು ಬ್ರಿಜ್ಜಿನಲ್ಲಿ ಘೋರ ತಪ್ಪು. ಬಂದವರು ಮುಗುಳ್ನಕ್ಕರು. ಹೊಳೆಪ್ಪನಿಗೆ ಆ ನಗೆ ತಡೆಯಲಾಗಲಿಲ್ಲ.

"ಲೇ ಮಲ್ಕ್ಯಾ, ಕಣ್ಣಿಗೆ ಏನಾಗೇತಿ ನಿನಗ? ಕೆಂಪಂದ್ರ ಎಲ್ಲಾ ಒಂದ ಅಂತ ತಿಳದೀಯೇನು? ಹಿಂಗ ನೀ ಮಂದೀ ಅಂಗಿ ಹೊಲದಿ ಅಂದ್ರ ಗುಂಡಿ ಬೆನ್ನಿಗೆ ಬರ್ತಾವ."

ಎಲ್ಲರೂ ನಕ್ಕರು. ಮಲಿಕಸಾಬ ನಗಲಿಲ್ಲ. ಟೇಲರನ ಕಣ್ಣು ಹೋಗಿದೆ ಎನ್ನುವುದು ಅಂಗಡಿಗೆ ಬೀಗ ಹಾಕಿಸುವ ಮಾತು. ಅವನು ಎಲೆಗಳನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಖರೆ ಐತಪಾ. ನೀ ಹೇಳಿದ ಮ್ಯಾಲ ಖರೇನ. ಜೀವಮಾನ ರೈಲ್ವೆದಾಗ ಇದ್ದು, ಸ್ವಂತ ಮಗನ ದಿಬ್ಬಣಾನ ಕುಂದಗೋಳಕ್ಕ ಒಯ್ಯೂದು ಬಿಟ್ಟು ಅಳ್ನಾವರದಾಗ ಇಳಿಸಿದಾಂವ ನೀನು. ನಿನ್ನ ಕಣ್ಣು ಚಲೋ ಅದಾವು."

ಈ ಸಲ ಇನ್ನೂ ಜೋರಾಗಿ ನಕ್ಕರು. ಆ ದಿಬ್ಬಣದ ಕಥೆ ಊರಿಗೆ ಗೊತ್ತಿತ್ತು, ಹುಬ್ಬಳ್ಳಿಯವರಿಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುವಾಗ, "ನಾ ಇದ್ದೀನಿ, ಯಾರೂ ಬೋರ್ಡು ನೋಡಬ್ಯಾಡ್ರಿ" ಎಂದು ಎಲ್ಲರನ್ನೂ ಹತ್ತಿಸಿದವನು ಹೊಳೆಪ್ಪನೇ. ಅತ್ತ ಕುಂದಗೋಳದಲ್ಲಿ ಮದುಮಗಳು ಅಮೃತಾ ಬಾಸಿಂಗ ಕಟ್ಟಿಕೊಂಡು, ಹಸಿದುಕೊಂಡು, ಮಧ್ಯಾಹ್ನದವರೆಗೆ ಕಾದಿದ್ದಳು. ಈಗ ಅವಳು ಸೊಸೆಯಾಗಿ ಮನೆಯಲ್ಲಿದ್ದಾಳೆ, ತೊಟ್ಟಿಲಲ್ಲಿ ಕೂಸಿದೆ. ಆದರೂ ಆ ಮಾತು ಎತ್ತಿದರೆ ಹೊಳೆಪ್ಪನ ಕಿವಿ ಕೆಂಪಾಗುತ್ತದೆ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಬೇರೆಯವರಾಗಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇವರಿಗೆ ಆ ಸೌಕರ್ಯವಿರಲಿಲ್ಲ. ಒಬ್ಬ ಬಿಟ್ಟರೂ ಆಟ ನಿಲ್ಲುತ್ತಿತ್ತು, ಮತ್ತು ಸಿಟ್ಟಿಗಿಂತ ಆಟದ ಚಟ ಇಬ್ಬರಿಗೂ ಒಂದು ಗುಲಗಂಜಿ ತೂಕ ಹೆಚ್ಚು. ಹಾಗಾಗಿ ದಿನವೂ ಸಂಜೆ ಮೆಟ್ಟಿಲು ಹತ್ತಿ, ಎದುರುಬದುರು ಕೂತು, ಜೋಡಿಯಾಗಿಯೇ ಆಡಿದರು. ಮಾತಾಡಬಾರದೆಂಬುದು ಆಟದ ನಿಯಮವೇ ಆದದ್ದರಿಂದ ಯಾರೂ ತಪ್ಪು ಹೇಳುವಂತಿರಲಿಲ್ಲ. ಹೊಳೆಪ್ಪ ಡಮ್ಮಿಯಾದಾಗ ಮಲಿಕಸಾಬ, "ಕಳಾವರ ಹತ್ತು ಹಾಕು" ಎಂದು ಹೇಳುವ ಬದಲು ತಾನೇ ಅರ್ಧ ಎದ್ದು, ಕೈ ಚಾಚಿ, ಆ ಎಲೆ ಎಳೆದುಕೊಳ್ಳುತ್ತಿದ್ದ. ಸವಾಲು ಮಾತ್ರ ಬಾಯಿಂದ ಕೂಗಲೇಬೇಕು. "ಎರಡು ಆಠೀನ" ಎಂದು ಮಲಿಕಸಾಬ ಮೇಲಿನ ತೊಲೆಗೆ ಹೇಳುತ್ತಿದ್ದ. ದಿನಕ್ಕೆ ಅಷ್ಟಾದರೂ ಅವನ ದನಿ ಕಿವಿಗೆ ಬೀಳುತ್ತದಲ್ಲ ಎಂದು ಹೊಳೆಪ್ಪನಿಗೆ ಒಳಗೊಳಗೇ ಸಮಾಧಾನ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಆದರೆ ಮಲಿಕಸಾಬ ಸವಾಲು ಕೂಗದೆ ಬರೀ 'ಪಾಸ್' ಅಂದ ದಿನ ಮನೆಗೆ ಬಂದು ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದುದು ಸೊಸೆಯ ಕಣ್ಣಿಗೆ ಬಿದ್ದಿತ್ತು.

ಮೊದಮೊದಲು ಅಧ್ಯಕ್ಷ ಸಂಗನಬಸವ ರಾಜಿಗೆ ಬಹಳ ಒದ್ದಾಡಿದ. ಇಬ್ಬರನ್ನೂ ಕೂಡಿಸಿ ಮಿರ್ಚಿ ತಿನ್ನಿಸಿದ. "ಒಂದ ಓಣ್ಯಾಗ ಇರೋರು, ಹಿಂಗ ಮಾಡಿದ್ರ ಹೆಂಗ್ರಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅದು ಮಿರ್ಚಿಯ ಖಾರಕ್ಕೂ ಇದ್ದೀತು. ಆದರೆ ಅಷ್ಟರಲ್ಲಿ ಒಂದು ವಿಚಿತ್ರ ಕಾಣತೊಡಗಿತ್ತು. ಮಾತು ಬಿಟ್ಟ ಜೋಡಿ ಗೆಲ್ಲುತ್ತಿತ್ತು.

ಮೊದಲು ಹಾಗಿರಲಿಲ್ಲ. ಪ್ರತಿ ಆಟವಾದ ಮೇಲೂ "ರಾಜಾ ಯಾಕ ಹೊಡದಿ?" "ನೀ ರಾಣಿ ಯಾಕ ಬಚ್ಚಿಟ್ಟಿ?" ಎಂದು ಕಚ್ಚಾಡಿ, ಆ ಕಚ್ಚಾಟ ಮುಂದಿನ ಆಟದೊಳಕ್ಕೂ ಹರಿದು, ಯಾವ ಎಲೆ ಬಿದ್ದಿದೆ ಯಾವುದು ಉಳಿದಿದೆ ಎಂಬ ನೆನಪೇ ಇಬ್ಬರಿಗೂ ಇರುತ್ತಿರಲಿಲ್ಲ. ಈಗ ನೋಡಲು ಎಲೆ ಬಿಟ್ಟು ಬೇರೇನೂ ಇರಲಿಲ್ಲ. ಒಬ್ಬ ಇನ್ನೊಬ್ಬನ ಸವಾಲನ್ನು ಮಂತ್ರದಂತೆ ಕೇಳಿಸಿಕೊಳ್ಳುತ್ತಿದ್ದ. ಸಂಗನಬಸವ, ಪ್ರಭು ಇಬ್ಬರೂ ದಿನವೂ ಸೋತರು. 'ಸಂಘದ ಸುದ್ದಿ'ಯಲ್ಲಿ ದಿಟ್ಟತನದ ಮಾತು ನಿಂತಿತು.

ಹೋಳಿ ಹುಣ್ಣಿಮೆಯ ಹೊತ್ತಿಗೆ ಹುಬ್ಬಳ್ಳಿಯಿಂದ ಕರೆ ಬಂತು. ಶ್ರಾವಣದಲ್ಲಿ ಪಂದ್ಯ, ಅಣ್ಣಿಗೇರಿಯಿಂದ ಒಂದು ಜೋಡಿ ಬರಬಹುದು. ಅಂದೇ ಅಧ್ಯಕ್ಷನ ಕಣ್ಣೀರು ಬತ್ತಿತು. ತುರ್ತು ಸಭೆ ಸೇರಿ ಠರಾವು ಮಾಡಿದರು: "ಪಂದ್ಯ ಮುಗಿಯುವವರೆಗೆ ಉಪಾಧ್ಯಕ್ಷರು ಹಾಗೂ ಖಜಾಂಚಿಗಳ ನಡುವಿನ ಸಂಬಂಧದಲ್ಲಿ ಯಥಾಸ್ಥಿತಿ ಕಾಯ್ದುಕೊಂಡು ಹೋಗತಕ್ಕದ್ದು." ಪ್ರಭು ಗಟ್ಟಿಯಾಗಿ ಓದಿ, ಒಪ್ಪಿದವರು ಕೈ ಎತ್ತಬೇಕೆಂದ. ಹೊಳೆಪ್ಪ ಕಿಟಕಿಯತ್ತ ನೋಡುತ್ತ ಎತ್ತಿದ. ಮಲಿಕಸಾಬ ಗೋಡೆಯತ್ತ ನೋಡುತ್ತ ಎತ್ತಿದ. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದರು.

ರಂಜಾನ್ ಹಬ್ಬ ಬಂತು. ಪ್ರತಿ ವರ್ಷ ಹೊಳೆಪ್ಪ ಹಬ್ಬದ ಪಾಯಸ ಸುರಕುಂಬಾ ಕುಡಿಯುವುದು ಮಲಿಕಸಾಬನ ಮನೆಯಲ್ಲೇ. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಓಣಿಯ ತಿರುವಿನಲ್ಲಿ ಪ್ರಭುವಿನ ಸ್ಕೂಟರು ಅಡ್ಡ ನಿಂತಿತು.

"ಎಲ್ಲಿಗೆ ಹೊಂಟೀರಿ ಸರ?"

"ಎಲ್ಲಿಗೇನ? ಹಬ್ಬ ಐತಿ. ಸುರಕುಂಬಾ ಕುಡ್ಯಾಕ ಹೊಂಟೀನಿ."

"ಸುರಕುಂಬಾ ನಾ ನಿಮ್ಮ ಮನೀಗೇ ತರಸ್ತೀನ್ರಿ. ಅಲ್ಲಿಗೆ ಹೋದ್ರ ನೀವು ಮಾತಾಡ್ತೀರಿ."

"ಹಬ್ಬದ ದಿನಾನೂ ಮಾತಾಡಬಾರದೇನೋ?"

"ಮಾತಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಾತಾಡ್ಕೋತ ಆಡಿದಾಗ ಒಮ್ಮೆರ ಗೆದ್ದೀರೇನ್ರಿ ನೀವು? ಶ್ರಾವಣದ ತನಕ ತಡೀರಿ. ಆಮ್ಯಾಲ ದಿನಾ ಕುಡೀರಿ."

ಹೊಳೆಪ್ಪ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಹುಬ್ಬಳ್ಳಿಯಲ್ಲಿ ಗೆದ್ದರೆ ಸಿಗುವ ಬೆಳ್ಳಿ ಕಪ್ಪನ್ನು ಪಡಸಾಲೆಯ ಗಾಜಿನ ಕಪಾಟಿನಲ್ಲಿ ಎಲ್ಲಿ ಇಡುವುದೆಂದು ಅವನು ಆಗಲೇ ಯೋಚಿಸಿಟ್ಟಿದ್ದ. ಅದಕ್ಕಾಗಿ ಸಾವಿತ್ರೆವ್ವನ ಗೊಂಬೆಗಳನ್ನು ಒಂದು ಮೂಲೆಗೆ ಸರಿಸಿಯೂ ಇದ್ದ. ತಿರುಗಿ ಬಂದ. ಮನೆಯಲ್ಲಿ ನೋಡಿದರೆ, ಮಲಿಕಸಾಬನ ಹೆಂಡತಿ ಖಾಸಿಂಬಿ ಕೊಟ್ಟ ಸ್ಟೀಲಿನ ಡಬ್ಬಿ ಆಗಲೇ ಬಂದು ಕೂತಿತ್ತು. ಅವಳೂ ಸಾವಿತ್ರೆವ್ವನೂ ದಿನಾ ನಳದ ಕಟ್ಟೆಯಲ್ಲಿ ಕೊಡ ತುಂಬಿ ಹರಿಯುವವರೆಗೆ ಮಾತಾಡುತ್ತಿದ್ದರು. ಗಂಡಸರ ಠರಾವು ನಳದವರೆಗೆ ಬಂದಿರಲಿಲ್ಲ.

ಪಂಚಮಿಗೆ ಸಾವಿತ್ರೆವ್ವ ಉಂಡಿ ಕಟ್ಟಿ, "ಮಲಿಕಸಾಬರ ಮನೀಗೆ ಕೊಟ್ಟು ಬಾರವಾ" ಎಂದು ಅಮೃತಾಳ ಕೈಗೆ ಕೊಟ್ಟಳು. ಅಮೃತಾ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಮಲಿಕಸಾಬ ಅಂಗಡಿಯಲ್ಲೇ ಇದ್ದ. ಕೂಸನ್ನು ನೋಡಿದ್ದೇ ಕೊರಳಿನ ಟೇಪು ಕೈಗೆ ಬಂತು.

"ಈ ಸಾಹುಕಾರಗ ಇನ್ನೂ ಕುಂಚಿಗಿ ಹೊಲದಿಲ್ಲ ನೋಡು ನಾನು. ಓಣ್ಯಾಗಿನ ಎಲ್ಲಾ ಕೂಸಿಗೂ ನಂದ ಕುಂಚಿಗಿ. ಇಂವಾ ಒಬ್ಬಾಂವ ಹೆಂಗ ತಪ್ಪಿಸ್ಕೊಂಡಾನ?"

"ಅವಸರ ಇಲ್ರಿ ಕಾಕಾ," ಎಂದಳು ಅಮೃತಾ. ಮಾವನ ಜಗಳದಲ್ಲಿ ಹೇಗೆ ನಿಲ್ಲಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಮಾತು ಬಿಟ್ಟದ್ದು ನಿಮ್ಮ ಮಾವನ ಜೋಡಿ ತಂಗಿ, ಕೂಸಿನ ಜೋಡಿ ಅಲ್ಲ." ತಲೆಯಿಂದ ಬೆನ್ನಿನವರೆಗೆ ಅಳತೆ ಹಿಡಿಯುತ್ತ ಕೂಸಿಗೇ ಕೇಳಿದ, "ಏನಪಾ, ನಿಮ್ಮಜ್ಜ ಇನ್ನೂ ಮೂಗಿನ ತುದ್ಯಾಗ ಸಿಟ್ಟ ಇಟಗೊಂಡಾನೇನ? ಊಟರ ಮಾಡ್ತಾನ ಇಲ್ಲೊ?" ಕೂಸು ಟೇಪಿನ ತುದಿ ಬಾಯಿಗೆ ಹಾಕಿಕೊಂಡಿತು.

ಎರಡು ದಿನದಲ್ಲಿ ಕುಂಚಿಗಿ ಬಂತು, ತಲೆಯಿಂದ ಬೆನ್ನಿನವರೆಗೆ ಇಳಿಯುವ ಕೂಸಿನ ಟೊಪ್ಪಿಗೆ. ಹಸಿರು ಖಣ, ಕೆಂಪು ಅಂಚು. ಅಮೃತಾ ಬಿಚ್ಚಿ ನೋಡಿದಳು. ಅಂಚಿನ ಒಂದು ಬದಿ ಒಳಮೈ ಮೇಲಾಗಿ ಕೂತಿತ್ತು. ಹೊಲಿಗೆ ನೆಟ್ಟಗೆ ಹೊರಟು, ನಡುವೆ ಬೆಣ್ಣಿಹಳ್ಳದಂತೆ ಹೊರಳಿ, ಬಟ್ಟೆಯಿಂದಲೇ ಇಳಿದುಹೋಗಿ ಮತ್ತೆ ಹತ್ತಿತ್ತು. ಅರ್ಧಕ್ಕೆ ಕೆಂಪು ದಾರದ ಬದಲು ಕಪ್ಪು. ಸಂಜೆ ಗಾಳಿ ತಣ್ಣಗಿತ್ತು. ಹೊಲಿಗೆ ಹೇಗಿದ್ದರೂ ಕಿವಿ ಮುಚ್ಚುತ್ತದೆ ಎಂದು ಕೂಸಿಗೆ ಅದನ್ನೇ ಕಟ್ಟಿ ತೊಟ್ಟಿಲಲ್ಲಿ ಹಾಕಿದಳು.

ತೊಟ್ಟಿಲ ಹಗ್ಗ ಎಳೆಯುತ್ತ ಕೂತಿದ್ದ ಹೊಳೆಪ್ಪನ ಕೈ ನಿಂತಿತು. "ಇದನ್ನ ಯಾರ ಹೊಲದಾರ?"

"ಮಲಿಕ್ ಕಾಕಾರ್ರಿ, ಮಾವಾರ."

ಅವನು ಚಾಳೀಸು ಏರಿಸಿ, ಬಾಗಿ, ಅಂಚಿನ ಮೇಲೆ ಬೆರಳಾಡಿಸಿದ. ಮಲಿಕಸಾಬನ ಹೊಲಿಗೆಯ ಮೇಲೆ ಫೂಟಪಟ್ಟಿ ಇಟ್ಟು ಗೆರೆ ಎಳೆಯಬಹುದೆಂದು ಊರು ಹೇಳುತ್ತಿತ್ತು.

ಒಳಗಿನಿಂದ ಸಾವಿತ್ರೆವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಎರಡೂ ಕಣ್ಣಾಗ ಪೊರಿ ಬಂದೈತಂತ. ಖಾಸಿಂಬಿ ಅಳಾಕತ್ತಿದ್ಲು ನಳದ ಹತ್ರ. ದವಾಖಾನಿಗೆ ನಡೀರಿ ಅಂದ್ರ ಒಲ್ಲೆ ಅಂತಾನಂತ."

"ಯಾಕ ಒಲ್ಲೆ?"

"ಯಾಕಂದ್ರ? ನಾಕು ಮಂದ್ಯಾಗ ಒಬ್ಬಾಂವ ಕಣ್ಣಿಲ್ಲ ಅಂದು ಕುಂತಾನಲ್ಲ, ಅದಕ್ಕ. ಈಗ ಆಪರೇಶನ್ ಮಾಡಿಸ್ಕೊಂಡ್ರ ಅಂವ ಅಂದದ್ದು ಖರೆ ಆದಂಗಾತು ಅಂತ. ಹಟಾ. ನೀವೇನ ಕಡಿಮಿ?"

ಹೊಳೆಪ್ಪ ಚಪ್ಪಲಿ ಮೆಟ್ಟಿ ಹೊರಟ. ಸ್ಟೇಶನ್ ರಸ್ತೆಯಲ್ಲಿ ಟೇಲರ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮಲಿಕಸಾಬ ದೀಪದ ಕೆಳಗೆ ಕೂತು ಸೂಜಿಗೆ ದಾರ ಹಾಕುತ್ತಿದ್ದ. ದಾರದ ತುದಿಯನ್ನು ತುಟಿಯಲ್ಲಿ ಹಸಿ ಮಾಡುವನು, ಹೊಸೆಯುವನು, ಚುಚ್ಚುವನು. ದಾರ ಸೂಜಿಯ ಪಕ್ಕದಿಂದ ಗಾಳಿಗೆ ಹೋಗುವುದು. ಮತ್ತೆ ತುಟಿಗೆ. ಹೊಳೆಪ್ಪ ಹೊಸ್ತಿಲವರೆಗೆ ಬಂದ. 'ಮಲ್ಕ್ಯಾ' ಎನ್ನುವ ಮಾತು ಗಂಟಲಿಗೂ ಬಂದಿತ್ತು.

ರಸ್ತೆಯ ಆಚೆಯಿಂದ ಸಂಗನಬಸವನ ದನಿ ಕೇಳಿತು. "ಹೊಳೆಪ್ಪಣ್ಣ, ಈ ಕಡೆ ಎತ್ತ ಹೊಂಟಿ? ಪಂದ್ಯ ನಾಡಿದ್ದ ಐತಿ. ನೆನಪೈತಲ್ಲಾ?"

ನೆನಪಿತ್ತು. ಗಾಜಿನ ಕಪಾಟೂ ನೆನಪಿತ್ತು. ಇನ್ನು ಎರಡು ದಿನ ತಾನೇ ಎಂದುಕೊಂಡ. ಹೊಳೆಪ್ಪ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕುಂಚಿಗಿ ಇದ್ದ ತೊಟ್ಟಿಲು ಇನ್ನೊಂದು ಕಡೆಗಿತ್ತು.

ಹುಬ್ಬಳ್ಳಿಗೆ ನಾಲ್ವರೂ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟರು. ಯಾವ ಗಾಡಿ ಎಂಬುದನ್ನು ಪ್ರಭು ಎರಡು ಸಲ ವಿಚಾರಿಸಿಕೊಂಡು ಬಂದ. ಕಿಟಕಿಯ ಬಳಿ ಹೊಳೆಪ್ಪ, ಬಾಗಿಲ ಕಡೆ ಮಲಿಕಸಾಬ, ನಡುವೆ ಗೊಬ್ಬರದ ಚೀಲದಂತೆ ಅಧ್ಯಕ್ಷ. ಸಾವಿತ್ರೆವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಅಧ್ಯಕ್ಷನೇ ಹರಿದು ಬಾಗಿಲ ಕಡೆ ಕೊಟ್ಟ. ಖಾಸಿಂಬಿ ಕಟ್ಟಿಕೊಟ್ಟ ತತ್ತಿ ಪಲ್ಯವನ್ನು ಬಾಗಿಲ ಕಡೆಯಿಂದ ಇಸಿದುಕೊಂಡು, ಹೊಳೆಪ್ಪ ತತ್ತಿ ತಿನ್ನುವುದಿಲ್ಲವೆಂದು ತಾನೇ ತಿಂದ.

ಪಂದ್ಯದ ಸಭಾಂಗಣ ತಣ್ಣಗಿತ್ತು. ಮೇಜುಗಳಿಗೆ ಹಸಿರು ಬಟ್ಟೆ. ಅಲ್ಲಿ ಹೊಳೆಪ್ಪನಿಗೆ ಒಂದು ಆಘಾತ ಕಾದಿತ್ತು. ಸವಾಲು ಬಾಯಿಂದ ಕೂಗುವಂತಿಲ್ಲ. ಎಲ್ಲರ ಬಳಿಯೂ ಸಣ್ಣ ಡಬ್ಬಿ. ಅದರಲ್ಲಿ 'ಎರಡು ಆಠೀನ', 'ಮೂರು ಇಸ್ಪೀಟ' ಎಂದು ಅಚ್ಚು ಹಾಕಿದ ಚೀಟಿಗಳು. ಬೇಕಾದದ್ದನ್ನು ತೆಗೆದು ಮುಂದಿಡಬೇಕು. ಪ್ರಭು ಬಹಳ ಖುಷಿಪಟ್ಟ. "ನಮ್ಮ ಜೋಡಿಗಂತನ ಮಾಡಿದಂಗ ಐತಲ್ರಿ ಇದು" ಎಂದ. ಹೊಳೆಪ್ಪ ಇಡೀ ದಿನ ಮಲಿಕಸಾಬನ ಬೆರಳುಗಳನ್ನೇ ನೋಡುತ್ತ ಆಡಿದ. ದಿನಕ್ಕೊಮ್ಮೆ ಸಿಗುತ್ತಿದ್ದ ದನಿಯೂ ಅಂದು ಸಿಗಲಿಲ್ಲ.

ಆದರೆ ಗೆದ್ದರು. ಬ್ಯಾಂಕಿನವರನ್ನು ಗೆದ್ದರು, ವಕೀಲರನ್ನು ಗೆದ್ದರು, ದಂಪತಿಗಳಾಗಿ ಬಂದು ಕಣ್ಣಲ್ಲೇ ಜಗಳವಾಡುತ್ತಿದ್ದ ಇಬ್ಬರು ಡಾಕ್ಟರರನ್ನೂ ಗೆದ್ದರು. ಸಂಜೆಯ ಹೊತ್ತಿಗೆ ಕೊನೆಯ ಮೇಜು, ಕೊನೆಯ ಆಟ. ಇದೊಂದು ಬಂದರೆ ಕಪ್ಪು ಅಣ್ಣಿಗೇರಿಗೆ. ಸಂಗನಬಸವ ದೂರದ ಕುರ್ಚಿಯಲ್ಲಿ ಕೂತು ಊರ ದೇವರಿಗೆ ಕಾಯಿ ಹರಕೆ ಹೊತ್ತ.

ಮಲಿಕಸಾಬ ಮೊದಲು ಡೈಮನ್ನಿನ ಚೀಟಿ ಇಟ್ಟ, ಕಡೆಗೆ ಇಸ್ಪೀಟ ಹುಕುಂ ಮಾಡಿ ಸವಾಲು ಗೆದ್ದ. ಹೊಳೆಪ್ಪ ಡಮ್ಮಿ. ಎಲೆ ಬಿಚ್ಚಿಟ್ಟು ಕೈ ಕಟ್ಟಿ ಕೂತ. ಆಟ ನೀರಿನಂತೆ ಹರಿಯುತ್ತಿತ್ತು. ಅಷ್ಟರಲ್ಲಿ ಎದುರಾಳಿ ಜೋಡಿಯವನೊಬ್ಬ ಡೈಮನ್ ಹೊಡೆದ. ಮಲಿಕಸಾಬ ಎಲೆಗಳನ್ನು ಮುಖದ ಹತ್ತಿರ ತಂದು, ಒಂದನ್ನು ಎಳೆದು ಹಾಕಿದ.

ಆಠೀನ.

ಹೊಳೆಪ್ಪ ಕಟ್ಟಿದ ಕೈ ಬಿಚ್ಚಿದ. ನಾಲ್ಕೈದು ಡೈಮನ್ ಇಲ್ಲದೆ ಮಲಿಕಸಾಬ ಡೈಮನ್ ಕೂಗುವವನಲ್ಲ. ಒಂದೂ ಹೊರಗೆ ಬಿದ್ದಿಲ್ಲ. ಎಲ್ಲ ಅವನ ಕೈಯಲ್ಲೇ, ಆಠೀನಗಳ ಜೊತೆ ಕೆಂಪಗೆ ಕಲೆಸಿಕೊಂಡು ಕೂತಿವೆ. ಮುಂದಿನ ಎಲೆ ಬಿದ್ದರೆ ತಪ್ಪು ಖಾಯಂ. ತೀರ್ಪುಗಾರ ಬರುತ್ತಾನೆ, ದಂಡ ಹಾಕುತ್ತಾನೆ. ದಂಡ ಹೋಗಲಿ, ಇಡೀ ಸಭಾಂಗಣದ ಮುಂದೆ ಆ ಕೆಂಪು ಎಲೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಮತ್ತೆ ಯಾರೋ ಮುಗುಳ್ನಗುತ್ತಾರೆ.

ಇಡೀ ಆಟದಲ್ಲಿ ಡಮ್ಮಿಗೆ ಕೇಳಲು ಹಕ್ಕಿರುವ ಪ್ರಶ್ನೆ ಒಂದೇ. ಜೋಡಿಗಾರ ಬೇರೆ ಜಾತಿಯ ಎಲೆ ಹಾಕಿದಾಗ, ಆ ಜಾತಿ ನಿನ್ನ ಬಳಿ ಇಲ್ಲವೇ ಎಂದು ಕೇಳಬಹುದು. ಅದನ್ನು ಕೇಳಿದರೆ ಮೊದಲು ಮಾತಾಡಿದವನು ಹೊಳೆಪ್ಪನಾಗುತ್ತಾನೆ. ಕಡಲೆ ರಾಶಿಯಿಂದ ಕಾಯ್ದುಕೊಂಡು ಬಂದ ಹಟ ಅಲ್ಲಿಗೆ ಮುಗಿಯಿತು. ಮಲಿಕಸಾಬ ಮುಂದಿನ ಎಲೆಗೆ ಬೆರಳು ಹಾಕಿದ.

"ಮಲ್ಕ್ಯಾ," ಎಂದ ಹೊಳೆಪ್ಪ. ದನಿ ತನ್ನದೇ ಎನಿಸಲಿಲ್ಲ. "ಡೈಮನ್ ಇಲ್ಲೇನಪಾ?"

ಮಲಿಕಸಾಬನ ಬೆರಳು ನಿಂತಿತು. ಅವನು ಎಲೆ ನೋಡಲಿಲ್ಲ. ಮೊದಲು ಹೊಳೆಪ್ಪನ ಮುಖ ನೋಡಿದ. ಆಮೇಲೆ ಎಲೆಗಳನ್ನು ದೀಪಕ್ಕೆ ಓರೆಯಾಗಿ ಹಿಡಿದು, ಒಂದೊಂದೇ ಸರಿಸಿದ.

"ಐತಿ," ಎಂದ ಮೆಲ್ಲಗೆ. ಆಠೀನ ಹಿಂದಕ್ಕೆ ತೆಗೆದುಕೊಂಡು ಡೈಮನ್ ಇಟ್ಟ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ತಪ್ಪು ಖಾಯಂ ಆಗುವ ಮೊದಲೇ ತಿದ್ದಿದ್ದಾಯಿತು. ಹೊಳೆಪ್ಪ ಇನ್ನು ಬಾಯಿ ಮುಚ್ಚಿದ್ದರೆ ಸಾಕಿತ್ತು.

"ಚಾಳೀಸ ಎಲ್ಲೈತಿ ನಿಂದು?" ಎಂದ ಹೊಳೆಪ್ಪ.

"ಕಿಸೆದಾಗ ಐತಿ."

"ಕಿಸೆದಾಗ ಇಟಗೊಂಡ್ರ ಕಿಸೆಕ್ಕ ಕಾಣ್ತೈತೇನ?"

"ಹಾಕ್ಕೊಂಡ್ರೂ ಕಾಣಂಗಿಲ್ಲಪಾ. ಸುಮ್ಮ ಯಾಕ ಭಾರ ಅಂತ ಇಟ್ಟೀನಿ."

"ದವಾಖಾನಿಗೆ ಯಾಕ ಹೋಗಿಲ್ಲ?"

"ನೀ ಅಂದಿದ್ದ ಖರೆ ಆಕ್ಕೈತಿ ಅಂತ."

"ನಾ ಅಂದಿದ್ದು ಸುಳ್ಳಪಾ. ಮಂದಿ ಮುಂದ ಅನ್ನಬಾರದಿತ್ತು, ಅಂದೆ. ನಾಳೆ ನಡಿ, ನಾ ಬರ್ತೀನಿ."

ಎದುರಾಳಿಗಳು ಕೈ ಎತ್ತಿದರು. ತೀರ್ಪುಗಾರ ಬಂದ. "ಡಮ್ಮಿ ಮಾತಾಡಬಾರದು, ದಯವಿಟ್ಟು."

"ಸಾಹೇಬ್ರ, ಸ್ವಲ್ಪ ತಡೀರಿ," ಎಂದ ಮಲಿಕಸಾಬ. "ಕಡ್ಲಿ ರಾಶಿಯಿಂದ ಮಾತಾಡಿಲ್ರಿ ಅಂವ. ಈಗ ಬಾಯಿ ಬಿಟ್ಟಾನ."

ತೀರ್ಪುಗಾರನ ಪುಸ್ತಕದಲ್ಲಿ ಕಡಲೆ ರಾಶಿಗೆ ರಿಯಾಯಿತಿ ಇರಲಿಲ್ಲ. ಎಚ್ಚರಿಕೆ ಕೊಟ್ಟು ಹೋದ. ಹೊಳೆಪ್ಪ ತುಟಿ ಬಿಗಿದ. ಮಲಿಕಸಾಬ ಒಂದು ಎಲೆಗೆ ಕೈ ಹಾಕಿ, ಬಿಟ್ಟು, ಇನ್ನೊಂದಕ್ಕೆ ಹಾಕಿದ. ಮಾತಿಗೆ ಕಟ್ಟಿದ್ದ ಒಡ್ಡು ಒಮ್ಮೆ ಒಡೆದಿತ್ತು, ಇನ್ನೆಲ್ಲಿ ನಿಂತೀತು?

"ಅದನ್ನಲ್ಲೋ ಮಾರಾಯ, ಮೊದಲು ಹುಕುಂ ರಾಣಿ ಹೊಡಿ!"

ಸುತ್ತಲಿನ ಮೇಜುಗಳವರೆಲ್ಲ ಇತ್ತ ತಿರುಗಿದರು. ಡಮ್ಮಿ ಆಟ ಹೇಳಿಕೊಡುವುದೆಂದರೆ, ಅದೂ ಎಚ್ಚರಿಕೆಯಾದ ಮೇಲೆ, ಹುಬ್ಬಳ್ಳಿಯ ಆ ಕ್ಲಬ್ಬಿನಲ್ಲಿ ಕೇಳಿರದ ಸಂಗತಿ. ಆ ಆಟ ಎದುರಾಳಿಗಳ ಲೆಕ್ಕಕ್ಕೆ ಹೋಯಿತು. ಕಪ್ಪು, ಒಟ್ಟು ಅಂಕಗಳಲ್ಲಿ ಬೆನ್ನಿಗೇ ಇದ್ದ ಡಾಕ್ಟರ್ ದಂಪತಿಗಳ ಕೈಗೆ ಹೋಯಿತು. ಅದನ್ನು ಯಾರು ಹಿಡಿದುಕೊಳ್ಳಬೇಕೆಂದು ಅವರು ಮತ್ತೆ ಕಣ್ಣಲ್ಲೇ ಜಗಳವಾಡಿದರು.

ಮರಳುವ ಗಾಡಿಯಲ್ಲಿ ಹೊಳೆಪ್ಪ, ಮಲಿಕಸಾಬ ಒಂದೇ ಸೀಟಿನಲ್ಲಿ ಮೊಣಕೈ ತಾಗಿಸಿಕೊಂಡು ಕೂತರು. ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಬಾಗಿಲ ಬಳಿ ಸುದ್ದಿಯಿಲ್ಲದೆ ನಿಂತಿದ್ದರು.

"ರಾಣಿ ಹೊಡದಿದ್ರ ಬರ್ತಿತ್ತೋ ಇಲ್ಲೋ ಆಟ?"

"ಎಲ್ಲಿ ಬರ್ತಿತ್ತು? ರಾಜಾ ಎಡಕಿನಾವನ ಕಡೆ ಇತ್ತು."

"ಬಲಕಿನಾವನ ಕಡೆ ಇತ್ತು."

"ನಿನಗ ಎಡಾ ಬಲಾ ಎಂದ ತಿಳದೈತಿ? ತಿಳದಿದ್ರ ದಿಬ್ಬಣ ಅಳ್ನಾವರಕ್ಕ ಹೋಗ್ತಿತ್ತೇನ?"

ಹೊಳೆಪ್ಪನ ಕಿವಿ ಕೆಂಪಾಯಿತು. ಆಮೇಲೆ ಅವನು ನಗತೊಡಗಿದ. ಅಣ್ಣಿಗೇರಿ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಪ್ರಭು ಎಳೆದು ಇಳಿಸಬೇಕಾಯಿತು. ಆ ರಾತ್ರಿಯ 'ಸಂಘದ ಸುದ್ದಿ' ಹೀಗಿತ್ತು: "ಹುಬ್ಬಳ್ಳಿ ಪಂದ್ಯದಲ್ಲಿ ನಮ್ಮ ಜೋಡಿ ಕೊನೆಯ ಆಟದವರೆಗೆ ಮುಂದಿತ್ತು. ಆನಂತರ ಮಾತನಾಡಿತು."

ಹೊಳೆಪ್ಪ ಹೇಳಿದಂತೆ ಮಲಿಕಸಾಬನನ್ನು ದವಾಖಾನೆಗೆ ಕರೆದುಕೊಂಡು ಹೋದ. ಮೊದಲು ಒಂದು ಕಣ್ಣು, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಪಟ್ಟಿ ಕಟ್ಟಿಕೊಂಡು ಮಲಗಿದ್ದವನ ಪಕ್ಕ ಕೂತು, ಹದಿಮೂರು ಎಲೆಗಳನ್ನೂ ಬಾಯಲ್ಲೇ ಓದಿ ಹೇಳಿ ಆಡಿಸಿದ. ನರ್ಸಮ್ಮ ಬಂದು ಬೈದು ಹೋದಳು. ಸಂಘದಲ್ಲಿ ಆಟ ಮತ್ತೆ ಶುರುವಾಯಿತು; ಜೋಡಿ ಮೊದಲಿನಂತೆ ಕಚ್ಚಾಡಿ ಸೋಲತೊಡಗಿತು; ಅಧ್ಯಕ್ಷನ ದಿಟ್ಟತನ ಸುದ್ದಿಗೆ ಮರಳಿತು. ಮುಂದಿನ ವರ್ಷದ ಪಂದ್ಯದ ಮಾತು ಬಂದಾಗಲೆಲ್ಲ ಪ್ರಭು, "ಕಾಕಾ, ಆ ದಿಬ್ಬಣದ ಕಥಿ ಏನದು? ಪೂರಾ ಹೇಳ್ರಲಾ" ಎಂದು ಮಲಿಕಸಾಬನನ್ನು ಕೆಣಕಿ ನೋಡುತ್ತಾನೆ. ಈವರೆಗೆ ಜಗಳ ಹತ್ತಿಲ್ಲ.

ಕಣ್ಣು ತಿಳಿಯಾದ ಮೇಲೆ ಒಂದು ಸಂಜೆ ಮಲಿಕಸಾಬ ಹೊಳೆಪ್ಪನ ಪಡಸಾಲೆಗೆ ಚಹಾಕ್ಕೆ ಬಂದ. ಕಪಾಟಿನಲ್ಲಿ ಗೊಂಬೆಗಳು ತಮ್ಮ ಜಾಗಕ್ಕೆ ಮರಳಿದ್ದವು. ಅಮೃತಾ ಕೂಸಿಗೆ ಕುಂಚಿಗಿ ಕಟ್ಟಿ ಎತ್ತಿಕೊಂಡು ಬಂದಳು. ಮಲಿಕಸಾಬ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡವನು ಅಂಚು ಹಿಡಿದು ಬೆಳಕಿಗೆ ತಿರುಗಿಸಿದ.

"ಅಯ್ಯಯ್ಯ. ಇದನ್ನ ಯಾವ ಕುರುಡ ಹೊಲದಾನ?"

ಸಾವಿತ್ರೆವ್ವ ಚಹಾದ ತಾಟು ಹಿಡಿದು ನಿಂತಲ್ಲೇ ನಿಂತಳು. ಅಮೃತಾ ಮಾವನ ಮುಖ ನೋಡಿದಳು. ಹೊಳೆಪ್ಪನ ನಾಲಿಗೆಗೆ ಅಂಥ ಎಲೆ ಜೀವಮಾನದಲ್ಲಿ ಬಂದಿರಲಿಲ್ಲ. ಇಟ್ಟರೆ ಆಟ ಅವನದೇ. ಅವನು ಬಶಿಗೆ ಚಹಾ ಸುರಿದುಕೊಂಡು, ಊದಿ, ಒಂದು ಗುಟುಕು ಕುಡಿದ.

"ರೆಡಿಮೇಡಪಾ ಅದು," ಎಂದ. "ಹುಬ್ಬಳ್ಳ್ಯಾಗ ತಗೊಂಡಿದ್ದು."

ಮಲಿಕಸಾಬ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಹಸಿರು ಖಣವನ್ನು, ಕಪ್ಪು ದಾರವನ್ನು, ಹೊರಳಿ ಹೋದ ಹೊಲಿಗೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೂಸಿನ ಗದ್ದದ ಕೆಳಗಿನ ಗಂಟು ಬಿಚ್ಚಿ, ಕುಂಚಿಗಿಯನ್ನು ಮಡಚಿ ತನ್ನ ಕಿಸೆಗೆ ಇಟ್ಟುಕೊಂಡ.

"ರೆಡಿಮೇಡ್ ಅಂದ್ರ ಹಿಂಗ," ಎಂದ. "ನಾಳೆ ಹೊಲದು ಕೊಡ್ತೀನಿ ತಗೋ ತಂಗಿ. ಇವತ್ತೊಂದಿನ ಕೂಸಿನ ಕಿವಿಗೆ ಅರಿವಿ ಕಟ್ಟು, ಗಾಳಿ ಐತಿ."